ಗಿಡ ನಮ್ಮದು, ಹೆಸರು ಅವಳದು

ಮಿಲ್ಟನ್ನಿನ ನಮ್ಮ ಮನೆಯ ಹಿತ್ತಲಲ್ಲಿ ನಾನು ಗಾಂಜಾ ಬೆಳೆದಿದ್ದೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಹೇಳಬೇಕಾದ ಹೊತ್ತಿಗೆ ಹೇಳದೆ ಬಾಯಿ ಮುಚ್ಚಿಕೊಂಡಿದ್ದಕ್ಕೇ ಮುಂದಿನದೆಲ್ಲ ಆಗಿದ್ದು. ನಾವು ಬಂದು ನೆಲೆಸಿದ ಈ ಪರದೇಶದಲ್ಲಿ ಅದೇನು ಕದ್ದು ಮಾಡುವ ಕೆಲಸವಲ್ಲ. ಮನೆಯೊಂದಕ್ಕೆ ನಾಲ್ಕು ಗಿಡದ ತನಕ ಬೆಳೆಸಬಹುದು ಅಂತ ಕಾನೂನೇ ಇದೆ. ನಾನು ಬೆಳೆಸಿದ್ದು ಒಂದು. ಅದನ್ನು ಕೊಯ್ದೆ, ತೊಳೆದೆ, ಒಣಗಿಸಿದೆ. ಅಷ್ಟಕ್ಕೆ ಯಾರೂ ನನ್ನನ್ನು ಏನೂ ಅನ್ನುವಂತಿರಲಿಲ್ಲ. ಆದರೆ ಅದು ಒಣಗುತ್ತಿದ್ದ ವಾರದಲ್ಲಿ ನಾನು ಒಂದು ಮಾತು ಆಡಿದೆ. ಎರಡು ವರ್ಷವಾಯಿತು, ಈಗಲೂ ಪಾತ್ರೆ ತೊಳೆಯುತ್ತಾ ನಿಂತಾಗ ಅದು ನೆನಪಾದರೆ ಮುಖ ಬಿಸಿಯಾಗುತ್ತದೆ.

ನಮ್ಮ ಮನೆಯವರು ಬೋಲ್ಟನ್ನಿನ ಒಂದು ವೇರ್‌ಹೌಸಿನಲ್ಲಿ ಹದಿನೆಂಟು ವರ್ಷದಿಂದ ಕೆಲಸದಲ್ಲಿದ್ದಾರೆ. ಸಕ್ಕರೆ ಕಾಯಿಲೆ ಅವರ ಪಾದದ ನರಕ್ಕೆ ಇಳಿದಿತ್ತು. ಸಂಜೆ ಶೂ ಬಿಚ್ಚಿದರೆ ಪಾದಕ್ಕೆ ಮೆಣಸಿನಕಾಯಿ ಅರೆದು ಹಚ್ಚಿದಂತೆ ಉರಿಯುತ್ತದೆ ಅನ್ನುತ್ತಿದ್ದರು. ಡಾಕ್ಟರು ಕೊಟ್ಟ ಗುಳಿಗೆ ತಿಂದರೆ ಶಿಫ್ಟಿನಲ್ಲಿ ನಿಂತಲ್ಲೇ ತೂಕಡಿಕೆ. ಅವರ ಜೊತೆ ಕೆಲಸ ಮಾಡುವ ಜಮೈಕಾದ ಒಬ್ಬ ಮುದುಕ ಇದನ್ನೆಲ್ಲ ನೋಡಿ, ಗಾಂಜಾದ ಹೂವನ್ನು ಎಣ್ಣೆಯಲ್ಲಿ ಕಾಯಿಸಿ ಪಾದಕ್ಕೆ ತಿಕ್ಕು, ನನ್ನ ಮಂಡಿಗೆ ಅದೇ ಮದ್ದು ಅಂದನಂತೆ. ಮೇ ತಿಂಗಳಲ್ಲಿ ಒಂದು ಸಸಿಯನ್ನು ಕಾಫಿ ಕಪ್ಪಿನಲ್ಲಿಟ್ಟು ಕೊಟ್ಟೂಬಿಟ್ಟ.

"ಇದೇನ್ರಿ ಇದು?" ಅಂದೆ.

"ಚೆಂಡುಹೂವಿನ ಸಸಿ," ಅಂದರು ಇವರು, ನನ್ನ ಮುಖ ನೋಡದೆ.

"ಚೆಂಡುಹೂವಿನ ಸಸಿ ನನಗ ಗೊತ್ತಿಲ್ಲೇನು? ಇದು ಭಂಗಿ ಐತಿ!"

"ಹೌದು, ಭಂಗಿ. ಪಾದಕ್ಕ ಹಚ್ಚಾಕ, ಸೇದಾಕಲ್ಲ. ಚೀರಬ್ಯಾಡ."

ಧಾರವಾಡದ ನಮ್ಮ ಓಣಿಯಲ್ಲಿ ಭಂಗಿ ಅನ್ನುವ ಶಬ್ದ ಬರುತ್ತಿದ್ದುದು ಗಟಾರದ ಪಕ್ಕ ಬಿದ್ದಿರುತ್ತಿದ್ದವರ ಮಾತು ಬಂದಾಗ ಮಾತ್ರ. ಎರಡು ದಿನ ಇವರ ಜೊತೆ ಮಾತು ಬಿಟ್ಟೆ. ಮೂರನೆಯ ದಿನ ಇವರು ಐಸ್ ನೀರಿನ ಬಕೆಟ್ಟಿನಲ್ಲಿ ಪಾದ ಇಟ್ಟುಕೊಂಡು ಹಲ್ಲು ಕಚ್ಚಿ ಕೂತಿದ್ದನ್ನು ನೋಡಿ ನಾನೇ ಸಸಿ ತೆಗೆದುಕೊಂಡು ಹೋಗಿ ಬೇಲಿಯ ಮೂಲೆಯಲ್ಲಿ, ಟೊಮ್ಯಾಟೊ ಮತ್ತು ಹೀರೇಬಳ್ಳಿಯ ಚಪ್ಪರದ ಮಧ್ಯೆ ನೆಟ್ಟೆ. ನೆಟ್ಟ ಮೇಲೆ ಗಿಡ ಗಿಡವೇ ಅಲ್ಲವೇ? ನೀರು ಹಾಕಿದೆ, ಗೊಬ್ಬರ ಹಾಕಿದೆ, ಆಗಸ್ಟಿನ ಹೊತ್ತಿಗೆ ಅದು ನನ್ನ ತಲೆ ಮೀರಿ ಬೆಳೆಯಿತು. ಸೆಪ್ಟೆಂಬರಿನಲ್ಲಿ ಹೂಬಿಟ್ಟು ಘಮ ಶುರುವಾದಾಗ ಒಂದು ಹಳೆಯ ಇಳಕಲ್ಲ ಸೀರೆಯನ್ನು ಬೇಲಿಗೆ ಕಟ್ಟಿ ಮರೆ ಮಾಡಿದೆ.

ಮರೆ ಮಾಡಿದ್ದು ಯಾಕೆಂದರೆ, ನನಗೆ ದೊಡ್ಡಾಕಿ ಅನ್ನಿಸಿಕೊಳ್ಳುವ ಚಟ. ಇಲ್ಲಿ ಸುತ್ತಮುತ್ತಲಿನ ಹತ್ತಿಪ್ಪತ್ತು ಕನ್ನಡದ ಮನೆಗಳಲ್ಲಿ ಎಲ್ಲರಿಗಿಂತ ಹಿರಿಯಳು ನಾನು. ಯಾರ ಮನೆಯಲ್ಲಿ ಕೂಸು ಹುಟ್ಟಲಿ, ಅತ್ತೆ-ಸೊಸೆ ಜಗಳ ಬರಲಿ, ಮೊದಲು ನನಗೆ ಫೋನು. ದಸರಾದ ದಿನ ಬನ್ನಿ ಕೊಡುವುದು ಶುರುವಾಗುವುದೇ ನಮ್ಮ ಮನೆಯಿಂದ. ಅಂಥವಳ ಹಿತ್ತಲಲ್ಲಿ ಭಂಗಿ ಗಿಡ ಅಂತ ಗೊತ್ತಾದರೆ ಮಂದಿ ಏನಂದಾರು?

ನಮ್ಮ ಬೇಸ್‌ಮೆಂಟಿನಲ್ಲಿ ಗದಗಿನ ಕಡೆಯ ಒಬ್ಬ ಹುಡುಗಿ ಬಾಡಿಗೆಗಿದ್ದಳು. ಇಪ್ಪತ್ತೇಳು-ಇಪ್ಪತ್ತೆಂಟು ವಯಸ್ಸು. ಊರಲ್ಲಿ ಕನ್ನಡ ಶಾಲೆಯ ಟೀಚರ್ ಆಗಿದ್ದವಳು ಇಲ್ಲಿಗೆ ಬಂದು ಒಂದು ವೃದ್ಧಾಶ್ರಮದ ಅಡುಗೆಮನೆಯಲ್ಲಿ ಊಟದ ಟ್ರೇ ತುಂಬುತ್ತಿದ್ದಳು. ನನ್ನನ್ನು ಕಾಕು, ಇವರನ್ನು ಕಾಕಾ ಅನ್ನುತ್ತಿದ್ದಳು. ವಾರವಿಡೀ ಬಲೆಯ ಟೊಪ್ಪಿಗೆ ಹಾಕಿಕೊಂಡು ದುಡಿಯುವ ಈ ಹುಡುಗಿ ಭಾನುವಾರ ಬೆಳಿಗ್ಗೆ ಮಾತ್ರ ಇಸ್ತ್ರಿ ಮಾಡಿದ ಕಾಟನ್ ಸೀರೆ ಉಟ್ಟು, ಹಣೆಗೆ ಇಟ್ಟುಕೊಂಡು, ಬೇಸ್‌ಮೆಂಟಿನ ತನ್ನ ಕೋಣೆಯಲ್ಲಿ ಎಂಟು ಮಕ್ಕಳಿಗೆ ಕನ್ನಡ ಕಲಿಸುತ್ತಿದ್ದಳು. ಎಲ್ಲ ಇಲ್ಲೇ ಹುಟ್ಟಿದ ಮಕ್ಕಳು. ಕನ್ನಡದಲ್ಲಿ ಕೇಳಿದರೆ ಇಂಗ್ಲಿಷಿನಲ್ಲಿ ಉತ್ತರ ಕೊಡುವವು. ತಟ್ಟೆಯಲ್ಲಿ ರವೆ ಹರಡಿ ಅದರ ಮೇಲೆ ಬೆರಳಿನಿಂದ ಅಕ್ಷರ ತೀಡಿಸುತ್ತಿದ್ದಳು. ಮೇಲೆ ರೊಟ್ಟಿ ಬಡಿಯುತ್ತಾ ಕೂತ ನನಗೆ ಕೆಳಗಿನಿಂದ "ಮಿಸ್, ಮಿಸ್" ಅನ್ನುವುದು ಕೇಳುತ್ತಿತ್ತು.

"ವಾರದಾಗ ಎರಡು ತಾಸು ನಾ ನಾನಾಗಿ ಇರ್ತೀನ್ರಿ ಕಾಕು," ಅಂತ ಒಮ್ಮೆ ಹೇಳಿದ್ದಳು.

ಆ ಎರಡು ತಾಸು ಇನ್ನೂ ದೊಡ್ಡದಾಗುವುದಿತ್ತು. ಹಿಂದಿನ ಬೀದಿಯಲ್ಲಿ ಬೆಂಗಳೂರಿನ ಒಬ್ಬ ಹೆಣ್ಣುಮಗಳಿದ್ದಾಳೆ. ಸಾಫ್ಟ್‌ವೇರಿನಲ್ಲಿ ಮ್ಯಾನೇಜರು. ಅವಳ ಎರಡೂ ಮಕ್ಕಳು ಈ ಹುಡುಗಿಯ ಹತ್ತಿರವೇ ಕಲಿಯುತ್ತಿದ್ದವು. ಜನವರಿಯಿಂದ ಊರಿನ ಲೈಬ್ರರಿಯಲ್ಲಿ ಒಂದು ಕೋಣೆ ಹಿಡಿದು ಎಲ್ಲ ಕನ್ನಡದ ಮಕ್ಕಳಿಗೂ ಕ್ಲಾಸು ನಡೆಸೋಣ, ಟೀಚರ್ ನೀವೇ ಅಂತ ಅವಳು ಈ ಹುಡುಗಿಗೆ ಮಾತು ಕೊಟ್ಟಿದ್ದಳು. ಬಾಗಿಲ ಮೇಲೆ ಹಚ್ಚುವ ಕಾಗದದಲ್ಲಿ ತನ್ನ ಹೆಸರು ಹೇಗೆ ಬರೆಯಬೇಕು ಅಂತ ಈ ಹುಡುಗಿ ನನ್ನನ್ನು ಮೂರು ಸಲ ಕೇಳಿದ್ದಳು. ಆ ಕ್ಲಾಸು ಅವಳಿಗೆ ಏನಾಗಿತ್ತು ಅಂತ ನನಗೆ ಗೊತ್ತಿರಲಿಲ್ಲ ಅಂತ ಹೇಳಿಕೊಳ್ಳುವ ಹಾಗೂ ಇಲ್ಲ.

ಅಕ್ಟೋಬರಿನ ಒಂದು ಶನಿವಾರ ರಾತ್ರಿ ಇಬ್ಬನಿ ಹೆಪ್ಪುಗಟ್ಟುತ್ತದೆ ಅಂತ ಫೋನಿನಲ್ಲಿ ಹವಾಮಾನದ ಸುದ್ದಿ ಬಂತು. ಹೂವಿನ ಮೇಲಿನ ಅಂಟು ಹಾಲಿನ ಬಣ್ಣಕ್ಕೆ ತಿರುಗಿದರೆ ಕೊಯ್ಲಿಗೆ ಬಂತು ಅಂತ ಆ ಮುದುಕ ಹೇಳಿದ್ದ. ತಿರುಗಿತ್ತು. ಇವರಿಗೆ ಹೆಚ್ಚು ಹೊತ್ತು ನಿಲ್ಲಲಾಗದು, ನನಗೆ ಒಬ್ಬಳಿಗೇ ಆಗದು. ಕೆಳಗಿನ ಹುಡುಗಿಯನ್ನು ಕರೆದೆ. ಬೇಸಿಗೆಯಿಡೀ ಕಿಟಕಿಯಿಂದ ನೋಡಿದ್ದವಳಿಗೆ ಅದೇನು ಗಿಡ ಅಂತ ಗೊತ್ತಿತ್ತು. ಕೆಲಸದ ಕಡೆಯ ಕೈಗವಸು ಎರಡು ಜೊತೆ ತಂದಳು. ನಾನು ಬೇಡ ಅಂದೆ. ಕೊತ್ತಂಬರಿ ಕೊಯ್ಯಲು ಕೈಗವಸು ಯಾಕೆ ಅಂತ ನನ್ನ ಧಿಮಾಕು. ಹತ್ತು ನಿಮಿಷದಲ್ಲಿ ನನ್ನ ಬೆರಳುಗಳು ಒಂದಕ್ಕೊಂದು ಅಂಟಿ, ಕತ್ತರಿ ಕೈಯಿಂದ ಬಿಡಲೊಲ್ಲದು. ಹಲಸಿನ ಹಣ್ಣು ಬಿಡಿಸಿದವರ ಹಾಗೆ ಕೈಗೆ ಎಣ್ಣೆ ಹಚ್ಚಿ ತಿಕ್ಕಬೇಕಾಯಿತು.

ಟೊಂಗೆ ಟೊಂಗೆಯಾಗಿ ಕಡಿದು, ದೊಡ್ಡ ಎಲೆಗಳನ್ನೆಲ್ಲ ತೆಗೆದು, ಗ್ಯಾರೇಜಿನಲ್ಲಿ ಮೂರು ಟಬ್ಬಿನಲ್ಲಿ ನೀರು ಇಟ್ಟೆವು. ಮುದುಕ ಹೇಳಿದ ಪ್ರಕಾರ ಮೊದಲನೆಯದರಲ್ಲಿ ಲಿಂಬೆರಸ ಮತ್ತು ಅಡಿಗೆ ಸೋಡಾ, ಉಳಿದೆರಡರಲ್ಲಿ ಬರೀ ನೀರು. ದಂಟು ಹಿಡಿದು ತಲೆಕೆಳಗಾಗಿ ಅದ್ದಿ, ಮೆಲ್ಲಗೆ ಆಡಿಸಿ, ಒಂದರಿಂದ ಇನ್ನೊಂದಕ್ಕೆ ಹಾಯಿಸಿ, ನೀರು ಕೊಡವಿ ತೂಗುಹಾಕಬೇಕು. ಇಷ್ಟೇ ಕೆಲಸ. ಆದರೆ ಮೂವತ್ತು ವರ್ಷದಿಂದ ಸೊಪ್ಪು ತೊಳೆದ ಕೈ ಸುಮ್ಮನಿರುತ್ತದೆಯೇ? ಮೊದಲ ಟಬ್ಬಿಗೆ ಒಂದು ಹಿಡಿ ಉಪ್ಪು, ಒಂದು ಚಮಚ ಅರಿಷಿಣ ಹಾಕಿಯೇ ಬಿಟ್ಟೆ. ಮೊದಲ ಟೊಂಗೆ ಎತ್ತಿದವಳೇ ಎರಡೂ ಕೈಯಲ್ಲಿ ಹಿಡಿದು ನೀರು ಹಿಂಡಿದೆ.

"ಅಯ್ಯ ಕಾಕು, ಹಿಂಡಬ್ಯಾಡ್ರಿ!" ಅಂತ ಹುಡುಗಿ ಓಡಿಬಂದಳು. "ಅದೇನ್ ಮೆಂತ್ಯಾ ಪಲ್ಲೆ ಏನ್ರಿ?"

"ಹಿಂಡ್ಲಿ ಬಿಡವಾ," ಅಂದರು ಇವರು ಕುರ್ಚಿಯಲ್ಲಿ ಕೂತು. "ಒಗ್ಗರಣಿ ಹಾಕಿ ಜ್ವಾಳದ ರೊಟ್ಟಿ ಜೋಡಿ ಕೊಡ್ತಾಳ."

ಹೂಗಳೆಲ್ಲ ಹಳದಿ. ಮದುವೆಗೆ ಅರಿಷಿಣ ಹಚ್ಚಿಸಿಕೊಂಡಂತೆ ಕೂತಿದ್ದವು. ಮೂವರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಮೊದಲ ಟಬ್ಬಿನ ನೀರು ನೋಡಿದ ಮೇಲೆ ನಗು ನಿಂತಿತು. ಧೂಳು, ಗಿಡದ ಹೇನು, ಎರಡು ಸತ್ತ ಜೇಡ, ರಸ್ತೆಯ ಕಪ್ಪು ಜಿಡ್ಡು. ಮೇಲಿಂದ ಹಸಿರಾಗಿ ಚೊಕ್ಕಟವಾಗಿ ಕಂಡಿದ್ದ ಗಿಡದಿಂದ ಇಷ್ಟು ಕೊಳೆ ಬಂತಲ್ಲ ಅಂತ ಆಶ್ಚರ್ಯವಾಯಿತು. ಎರಡು ಸಲ ನೀರು ಬದಲಿಸಿದೆವು.

ಒಣಗಿಸಲು ಕತ್ತಲೆ, ತಂಪು, ಗಾಳಿ ಬೇಕು. ಮಹಡಿಯ ಮೇಲಿನ ಸಣ್ಣ ಕೋಣೆಯ ಕ್ಲಾಸೆಟ್ಟನ್ನು ಖಾಲಿ ಮಾಡಿ, ಬಟ್ಟೆ ತೂಗುವ ಸಲಾಕೆಗೆ ಹಗ್ಗ ಕಟ್ಟಿ, ಟೊಂಗೆಗಳನ್ನು ತಲೆಕೆಳಗಾಗಿ ಸಾಲಾಗಿ ಇಳಿಬಿಟ್ಟೆವು. ನೆಲದ ಮೇಲೆ ಗೋಡೆಯ ಕಡೆ ಮುಖ ಮಾಡಿ ಒಂದು ಚಿಕ್ಕ ಫ್ಯಾನು. ಹತ್ತು ದಿನದಲ್ಲಿ, ಸಣ್ಣ ಕಡ್ಡಿ ಬಗ್ಗಿಸಿದರೆ ಟಿಕ್ ಅಂತ ಮುರಿಯುವ ಹೊತ್ತಿಗೆ, ಒಣಗಿತು ಅಂತ ಲೆಕ್ಕ. ವಾಸನೆ ಹೊರಗೆ ಬರದಿರಲಿ ಅಂತ ಕೋಣೆಯ ಬಾಗಿಲ ಸಂದಿಗೆ ಒದ್ದೆ ಟವೆಲು ತುರುಕಿದೆ. ನನ್ನ ಬುದ್ಧಿಗೆ ನಾನೇ ಭೇಷ್ ಅಂದುಕೊಂಡೆ.

ಆ ಕೋಣೆಯ ಗೋಡೆಯಲ್ಲಿ ಗಾಳಿ ಎಳೆದುಕೊಳ್ಳುವ ಜಾಲರಿ ಇದೆ ಅನ್ನುವುದು ಹೊಳೆಯಲೇ ಇಲ್ಲ. ಆ ವಾರ ಚಳಿ ಬಿತ್ತು, ಮನೆ ಬೆಚ್ಚಗಿಡುವ ಫರ್ನೇಸ್ ಶುರುವಾಯಿತು, ಮೇಲಿನ ಕೋಣೆಯ ಗಾಳಿಯನ್ನು ಎಳೆದು ಮನೆಯ ಪ್ರತಿ ಮೂಲೆಗೂ ಹಂಚಿತು. ಬೇಸ್‌ಮೆಂಟಿಗೂ ಹಂಚಿತು. ಶನಿವಾರ ದಸರಾ. ಗಿಡ ತೂಗುಹಾಕಿ ಏಳನೆಯ ದಿನ. ಬೆಳಿಗ್ಗೆ ಸ್ನಾನ ಮಾಡಿ ಕೆಳಗಿಳಿದರೆ ನಡುಮನೆಯೆಲ್ಲ ಘಮ್ ಅನ್ನುತ್ತಿದೆ. ನಾಲ್ಕು ಗಂಟೆಗೆ ಜನ ಬರುತ್ತಾರೆ. ಇಂಗಿನ ಒಗ್ಗರಣೆ ಎರಡು ಸಲ ಹಾಕಿದೆ, ಲೋಬಾನ ಹಾಕಿದೆ, ಕರ್ಪೂರ ಹಚ್ಚಿದೆ. ಎಲ್ಲ ಕೂಡಿ ಇನ್ನೂ ಅಧ್ವಾನವಾಯಿತು. ಹೊಗೆಯ ಅಲಾರಂ ಕೂಗಿಕೊಂಡಿತು. ಇವರು ಕುರ್ಚಿ ಹತ್ತಿ ಅದರ ಬಾಯಿ ಮುಚ್ಚಿಸಿ ಬಂದು, "ಕೇಳಿದ್ರ ನಮ್ಮದ ಅಂತ ಹೇಳು, ಮುಗೀತು. ಯಾರೇನ್ ಗಲ್ಲಿಗೆ ಹಾಕ್ತಾರೇನು?" ಅಂದರು.

"ನೀವು ಸುಮ್ಮಿರ್ರಿ," ಅಂದೆ.

ನಮ್ಮ ಕಡೆ ದಸರಾದ ದಿನ ಬನ್ನಿ ಎಲೆ ದೇವರಿಗೆ ಏರಿಸಿ, ಆಮೇಲೆ ಒಬ್ಬರಿಗೊಬ್ಬರು ಕೊಟ್ಟು, "ಬನ್ನಿ ತಗೊಂಡು ಬಂಗಾರದಂಗ ಇರೂಣು" ಅನ್ನುತ್ತೇವೆ. ವರ್ಷದ ಸಿಟ್ಟು-ಸೆಡವು ಅಲ್ಲಿಗೆ ಬಿಡಬೇಕು. ಇಲ್ಲಿ ಬನ್ನಿ ಮರ ಎಲ್ಲಿಂದ ತರೋಣ? ನಮ್ಮ ಬೀದಿ ಬದಿಯಲ್ಲಿ ಬನ್ನಿಯಂತೆಯೇ ಸಣ್ಣ ಸಣ್ಣ ಎಲೆಯ ಒಂದು ಮರವಿದೆ, ಅಕ್ಟೋಬರಿಗೆ ಪೂರಾ ಹಳದಿಯಾಗುತ್ತದೆ. ಅದರ ಎಲೆಯನ್ನೇ ಬಂಗಾರ ಮಾಡಿಕೊಂಡಿದ್ದೇವೆ. ಬೆಂಗಳೂರಿನವರೂ ನಮ್ಮಿಂದ ಕಲಿತು ಈಗ ನಮಗಿಂತ ಹುರುಪಿನಿಂದ ಕೊಡುತ್ತಾರೆ.

ಹೆಂಗಸರು ಬಂದರು, ಮಕ್ಕಳು ಬಂದರು. ಮೂಗು ಮುರಿದವರು ಮುರಿದರು, ಆದರೆ ಯಾರೂ ಬಾಯಿ ಬಿಡಲಿಲ್ಲ. ಕೆಳಗಿನ ಹುಡುಗಿ ಶಿಫ್ಟಿಗೆ ಹೋಗಿದ್ದಳು, ಆರು ಗಂಟೆಗೆ ಬರುವವಳಿದ್ದಳು. ಎಲ್ಲರೂ ತಿಂಡಿ ತಿನ್ನುತ್ತಿದ್ದಾಗ ಹಿಂದಿನ ಬೀದಿಯ ಆ ಬೆಂಗಳೂರಿನವಳು ಕುಂಕುಮ ಹಚ್ಚಿಸಿಕೊಳ್ಳಲು ಅಡುಗೆಮನೆಯ ಬಾಗಿಲಿಗೆ ಬಂದು ನನ್ನ ಎದುರು ನಿಂತಳು. ಧ್ವನಿ ತಗ್ಗಿಸಿದಳು.

"ಆಂಟಿ, ತಪ್ಪು ತಿಳ್ಕೋಬೇಡಿ. ಮನೆಯಲ್ಲೆಲ್ಲಾ ಗಾಂಜಾ ಸ್ಮೆಲ್ ಬರ್ತಿದೆ. ನೆಲದ ಈ ವೆಂಟಿಂದಾನೇ, ಕೆಳಗಿಂದ ಬರ್ತಿದೆ ನೋಡಿ."

ನನ್ನ ಕೈಯಲ್ಲಿ ಕುಂಕುಮದ ಬಟ್ಟಲಿತ್ತು. ಅದರೊಳಗೆ ಬೆರಳು ಅದ್ದಿದೆ.

"ಬೇಸ್‌ಮೆಂಟಲ್ಲಿ ಮಿಸ್ ಏನಾದ್ರೂ..." ಅಂತ ಅವಳೇ ಶುರು ಮಾಡಿ, ನಿಲ್ಲಿಸಿದಳು.

ಇಲ್ಲ, ನಮ್ಮದು. ಎರಡು ಶಬ್ದ. ಬಾಯಲ್ಲಿ ಬಂದು ನಿಂತಿದ್ದವು. ಅವಳ ಹಿಂದೆ ನಡುಮನೆಯಲ್ಲಿ ಹತ್ತು ಹೆಂಗಸರು ನನ್ನ ಹೋಳಿಗೆ ಹೊಗಳುತ್ತಾ ಕೂತಿದ್ದರು. ನಾನು ಅವಳಿಗಿಂತ ಧ್ವನಿ ತಗ್ಗಿಸಿ, "ಏನ್ ಮಾಡೂದ್ರಿ. ಈಗಿನ ಹುಡುಗರು. ನಾವು ಹೇಳಿದ್ರ ಕೇಳ್ತಾರೇನು?" ಅಂದೆ.

ಅಂದು, ಅವಳ ಹಣೆಗೆ ಕುಂಕುಮ ಹಚ್ಚಿದೆ. ಅಷ್ಟಕ್ಕೇ ಬಿಟ್ಟೆನೇ? ಇಲ್ಲ. "ಪಾಪ, ಪರದೇಶಿ ಕೂಸು. ಯಾರ ಮುಂದೂ ಹೇಳಬ್ಯಾಡ್ರಿ," ಅಂತ ಸೇರಿಸಿದೆ. ಅನುಮಾನವಾಗಿದ್ದದ್ದು ಆ ಮಾತಿನಿಂದ ಖಾತ್ರಿಯಾಯಿತು. ಮೇಲಾಗಿ ನಾನು ಕರುಣಾಮಯಿ ಅನ್ನಿಸಿಕೊಂಡೆ. ಅವಳು ನನ್ನ ಕೈ ಹಿಡಿದು ಅದುಮಿ ಹೋದಳು.

ಆರು ಗಂಟೆಗೆ ಹುಡುಗಿ ಬಂದಳು. ದಾರಿಯಲ್ಲಿ ಆ ಮರದ ಎಲೆ ಕಿತ್ತು ಟಿಶ್ಯೂ ಕಾಗದದಲ್ಲಿ ಸುತ್ತಿಕೊಂಡು ಬಂದಿದ್ದಳು. ದೇವರಿಗೆ ಏರಿಸಿ, ನನ್ನ ಕೈಗೆ ಕೊಟ್ಟು ಕಾಲು ಮುಟ್ಟಿ, "ಬಂಗಾರದಂಗ ಇರೂಣ್ರಿ ಕಾಕು," ಅಂದಳು. ಹೋಳಿಗೆ ಕೊಟ್ಟೆ. ತುಪ್ಪ ಎರಡು ಚಮಚ ಹೆಚ್ಚೇ ಹಾಕಿದೆ. ನನ್ನ ಕೈಯಿಂದ ಆದದ್ದು ಅಷ್ಟೇ.

ಮರುದಿನ ಭಾನುವಾರ. ಅವಳು ಸೀರೆ ಉಟ್ಟು, ತಟ್ಟೆಗಳಲ್ಲಿ ರವೆ ಹರಡಿ ಕಾದಳು. ಹತ್ತಾಯಿತು, ಹತ್ತೂವರೆಯಾಯಿತು. ಮಕ್ಕಳಿಲ್ಲ. ಒಬ್ಬರಿಗೆ ಜ್ವರ, ಒಬ್ಬರಿಗೆ ಸಾಕರ್ ಆಟ, ಒಬ್ಬರ ಮನೆಗೆ ನೆಂಟರು ಅಂತ ಮೆಸೇಜುಗಳು ಬಂದವಂತೆ. "ಎಲ್ಲಾರಿಗೂ ಒಮ್ಮೆಗೇ ಏನಾತ್ರಿ ಕಾಕು?" ಅಂತ ಮೆಟ್ಟಿಲ ಕೆಳಗೆ ನಿಂತು ಕೇಳಿದಳು. ಹಬ್ಬದ ದಣಿವು ಇರಬೇಕು ಅಂದೆ. ಮುಂದಿನ ಭಾನುವಾರವೂ ಯಾರೂ ಬರಲಿಲ್ಲ. ಆ ದಿನ ಅವಳೂ ಕೇಳಲಿಲ್ಲ, ನಾನೂ ಕೆಳಗೆ ಇಳಿಯಲಿಲ್ಲ.

ಸೋಮವಾರ ಸಂಜೆ ನಾನು ಬೀನ್ಸ್ ಹೆಚ್ಚುತ್ತಿದ್ದಾಗ ಮೇಲೆ ಬಂದಳು. ಇವರು ಇನ್ನೂ ಕೆಲಸದಿಂದ ಬಂದಿರಲಿಲ್ಲ.

"ಆ ಬೆಂಗಳೂರ ಅಕ್ಕಾರು ಫೋನ್ ಮಾಡಿದ್ರು ಕಾಕು. ನಾ ಬೇಸ್‌ಮೆಂಟಿನ್ಯಾಗ ಗಾಂಜಾ ಇಟ್ಟೀನಂತ. ಇನ್ನ ಮಕ್ಕಳನ್ನ ಕಳಸೂದಿಲ್ಲಂತ. ಲೈಬ್ರರಿಗೂ ಬ್ಯಾರೆ ಯಾರನ್ನರ ನೋಡ್ತಾರಂತ."

ನಾನು ಚಾಕು ಕೆಳಗಿಡಲಿಲ್ಲ. "ನೀ ಏನಂದಿ?" ಅಂತ ಕೇಳಿದೆ. ಯಾರು ಹೇಳಿದರಂತೆ ಅಂತ ಕೇಳಲಿಲ್ಲ ಅನ್ನುವುದು ನನಗೆ ಆಮೇಲೆ ಹೊಳೆಯಿತು. ಅವಳಿಗೆ ಆಗಲೇ ಹೊಳೆದಿರಬೇಕು.

"ತಪ್ಪಾತ್ರಿ ಅಂದೆ."

"ಹಂಗ್ಯಾಕ ಅಂದಿ? ನಿಂದಲ್ಲ ಅನ್ನಬೇಕಿಲ್ಲ?"

"ನೀವು ಹೇಳೀರಿ ಅಂತ ಅವರು ಹೇಳಿದ್ರು," ಅಂದಳು. "ಕಾಕು ಸುಳ್ಳು ಹೇಳ್ಯಾರ ಅಂತ ನಾ ಹೆಂಗ ಹೇಳ್ಲಿ?"

ಅಳಲಿಲ್ಲ, ಬೈಯಲಿಲ್ಲ. ಬೈದಿದ್ದರೆ ನಾನೂ ನಾಲ್ಕು ಮಾತಾಡಿ ಹಗುರಾಗುತ್ತಿದ್ದೆನೇನೋ. ಅವಳು ಕೆಳಗಿಳಿದು ಹೋದ ಮೇಲೆ ಉಳಿದ ಬೀನ್ಸನ್ನೆಲ್ಲ ಹೆಚ್ಚಿದೆ. ಇಬ್ಬರಿಗೆ ಬೇಕಾದದ್ದಕ್ಕಿಂತ ಎರಡು ಪಟ್ಟು ಹೆಚ್ಚಿಟ್ಟಿದ್ದೆ.

ಆ ಹೊತ್ತಿಗೆ ಕಡ್ಡಿ ಟಿಕ್ ಅಂದಿತ್ತು. ಹೂವು ಬಿಡಿಸಿ ಉಪ್ಪಿನಕಾಯಿಯ ಗಾಜಿನ ಭರಣಿಗೆ ತುಂಬಿ, ಅರ್ಧವನ್ನು ಕೊಬ್ಬರಿ ಎಣ್ಣೆಯಲ್ಲಿ ಸಣ್ಣ ಉರಿಯ ಮೇಲೆ ಕಾಯಿಸಿ ಸೋಸಿ ಇಟ್ಟಿದ್ದೆ. ಹಸಿರೂ ಅಲ್ಲದ ಹಳದಿಯೂ ಅಲ್ಲದ ಎಣ್ಣೆ. ರಾತ್ರಿ ಇವರ ಪಾದ ಮಡಿಲಲ್ಲಿಟ್ಟುಕೊಂಡು ಹಚ್ಚಲು ಕೂತಾಗ ತಡೆಯಲಾರದೆ ಎಲ್ಲ ಹೇಳಿಬಿಟ್ಟೆ. ಇವರು ಪಾದ ಎಳೆದುಕೊಂಡರು.

"ನಿನಗೇನ್ ಬುದ್ಧಿಗಿದ್ಧಿ ಐತೇನು? ಆ ಕೂಸಿನ ಹೊಟ್ಟಿ ಮ್ಯಾಲ ಹೊಡದೆಲ್ಲ! ನಾನ ನಾಳೆ ಹೋಗಿ ಹೇಳ್ತೀನಿ."

"ಬ್ಯಾಡ್ರಿ, ನಿಮ್ಮ ಕಾಲಿಗೆ ಬೀಳ್ತೀನಿ. ನೀವು ಹೇಳಿದ್ರ ನಾ ಸುಳ್ಳಿ ಆಗ್ತೀನಿ. ನಾನ ಹೋಗ್ತೀನಿ."

"ಹೋಗಿ ಖರೇ ಹೇಳಿ ಬಾ. ಅಲ್ಲೀತನಕ ಈ ಎಣ್ಣಿ ನನಗ ಮುಟ್ಟಿಸಬ್ಯಾಡ."

ನಾಳೆ ಹೋಗುತ್ತೇನೆ ಅಂದೆ. ನಾಳೆ ಆ ಬೆಂಗಳೂರಿನವಳ ಕಾರು ಅವಳ ಮನೆಯೆದುರು ಇರಲಿಲ್ಲ. ನಾಡಿದ್ದು ಮಳೆ. ಆಮೇಲೆ ದೀಪಾವಳಿ ಬಂತು, ಹಬ್ಬದಲ್ಲಿ ಇಂಥ ಮಾತು ಯಾಕೆ ಅನ್ನಿಸಿತು. ಐದು ನಿಮಿಷದ ದಾರಿಗೆ ನಾಲ್ಕು ವಾರ ಹಿಡಿಯಿತು. ಇವರು ಮಾತು ತಪ್ಪಲಿಲ್ಲ. ದಿನಾ ಸಂಜೆ ಐಸ್ ಬಕೆಟ್ಟಿನಲ್ಲಿ ಪಾದ ಇಟ್ಟುಕೊಂಡು ಕೂತರು. ಹೇಗಿದೆ ಅಂತ ಕೇಳಿದರೆ "ಅರಾಮ್ ಐತಿ" ಅನ್ನುವರು, ಟೀವಿಯ ಕಡೆ ನೋಡುತ್ತಾ.

ನವೆಂಬರಿನ ಕೊನೆಗೆ ಮನೆ ಬಿಡುತ್ತೇನೆ ಅಂತ ಹುಡುಗಿ ಹೇಳಿದಳು. ದೂರದ ಪಿಕರಿಂಗಿನ ಒಂದು ವೃದ್ಧಾಶ್ರಮದಲ್ಲಿ ಕೆಲಸ, ಅಲ್ಲೇ ಹತ್ತಿರ ಒಂದು ರೂಮು. ಅವಳು ಹೊರಡುವುದಕ್ಕೆ ಒಂದು ವಾರವಿದ್ದಾಗ, ಭಾನುವಾರ ಬೆಳಿಗ್ಗೆ, ಮಕ್ಕಳು ಬರುತ್ತಿದ್ದ ಹೊತ್ತಿನಲ್ಲೇ ನಾನು ಕೆಳಗಿಳಿದು ಅವಳ ಬಾಗಿಲು ಬಡಿದೆ.

"ಇವತ್ತ ಹೋಗಿ ಎಲ್ಲಾ ಖರೇ ಹೇಳಿ ಬರ್ತೀನಿ ಯವ್ವಾ. ನಂದು ತಪ್ಪಾಗೇತಿ," ಅಂದೆ.

ಆ ಮುಖ ಅರಳಿದ್ದನ್ನು ನಾನು ನೋಡಿದೆ. "ಖರೇನ್ರಿ ಕಾಕು? ಅವರು ಹೂಂ ಅಂದ್ರ ನಾ ಪಿಕರಿಂಗಿಗೆ ಒಲ್ಲೆ ಅಂತೀನ್ರಿ. ಇವತ್ತ ಸಂಜಿತನಕ ಹೇಳಾಕ ಟೈಮ್ ಐತಿ," ಅಂದಳು. ನಾನು ಕೋಟು ಹಾಕಿಕೊಳ್ಳುವಾಗ ಬಾಗಿಲ ತನಕ ಬಂದು ನನ್ನ ಶಾಲು ಸರಿಮಾಡಿದಳು.

ಬೆಂಗಳೂರಿನವಳು ಪ್ರೀತಿಯಿಂದ ಒಳಗೆ ಕರೆದು ಚಹಾ ಮಾಡಿದಳು. ಕೂತ ತಕ್ಷಣ ಹೇಳಿದೆ, ಇಲ್ಲದಿದ್ದರೆ ಹೇಳುವುದಿಲ್ಲ ಅಂತ ನನಗೇ ಗೊತ್ತಿತ್ತು. "ಅವತ್ತಿನ ವಾಸನಿ ನಮ್ಮ ಮನೀದ್ರಿ. ಗಿಡ ನಮ್ಮದು. ನಮ್ಮ ಮನಿಯವರ ಪಾದಕ್ಕಂತ ಬೆಳಸಿದ್ದೆ. ಆ ಹುಡುಗೀದೇನೂ ಇಲ್ಲ."

ಅವಳು ನನ್ನ ಮುಖವನ್ನೇ ನೋಡಿದಳು. ಆಮೇಲೆ ಕಣ್ಣಲ್ಲಿ ನೀರು ತಂದುಕೊಂಡಳು.

"ಆಂಟಿ, ಅವಳೇ ನನ್ ಹತ್ರ ಒಪ್ಕೊಂಡಿದಾಳೆ. ಸಾರಿ ಕೂಡ ಕೇಳಿದಾಳೆ. ನೀವು ಅವಳನ್ನ ಉಳಿಸೋಕೆ ನಿಮ್ಮ ಮೇಲೆ ಹಾಕ್ಕೊಳ್ತಿದೀರ ಅಲ್ವಾ? ನಿಮ್ಮಂಥವರು ಸಿಗಲ್ಲ ಆಂಟಿ."

"ಇಲ್ರಿ, ಖರೇನ ನಮ್ಮದು," ಅಂದೆ.

"ನೀವು? ಗಾಂಜಾ? ಸುಮ್ನಿರಿ ಆಂಟಿ!" ಅಂತ ನಕ್ಕಳು. "ನಮ್ಮತ್ತೆಗೆ ಹೇಳಿದ್ರೆ ಬಿದ್ದು ಬಿದ್ದು ನಗ್ತಾರೆ."

ನಮ್ಮ ಮನೆ ಅವಳ ಅಡುಗೆಮನೆಯ ಕಿಟಕಿಯಿಂದ ಕಾಣುತ್ತಿತ್ತು. "ಬರ್ರಿ, ತೋರಸ್ತೀನಿ" ಅಂದಿದ್ದರೆ ಸಾಕಿತ್ತು. ಭರಣಿ ಇತ್ತು, ಎಣ್ಣೆ ಇತ್ತು, ಹಿತ್ತಲಲ್ಲಿ ಕಡಿದ ಬುಡ ಇನ್ನೂ ಇತ್ತು. ನಮ್ಮ ಮನೆಯವರು ಕೂತಿದ್ದರು, ಒಂದೇ ಮಾತಿಗೆ ಎಲ್ಲ ಒಪ್ಪುತ್ತಿದ್ದರು. ನಾನು ಅನ್ನಲಿಲ್ಲ. ಯಾಕೆ ಅಂತ ನನಗೆ ಚೆನ್ನಾಗಿ ಗೊತ್ತಿದೆ. ಅವಳು ನಂಬಲಿಲ್ಲವಲ್ಲ, ಆಗ ನನ್ನ ಎದೆಯ ಮೇಲಿನ ಕಲ್ಲು ಇಳಿದಂತಾಯಿತು. ಹೇಳಿದ್ದೂ ಆಯಿತು, ಮರ್ಯಾದೆಯೂ ಉಳಿಯಿತು ಅನ್ನಿಸಿತು. ಅಂಥದ್ದು ಅನ್ನಿಸಿತು ಅಂತ ಬರೆಯಲು ಈಗಲೂ ಕೈ ಹಿಂದೆ ಸರಿಯುತ್ತದೆ. ನಾನು ತಲೆ ತಗ್ಗಿಸಿ ಚಹಾ ಕುಡಿದೆ. ಅವಳು ಅದನ್ನೂ ನನ್ನ ದೊಡ್ಡತನ ಅಂದುಕೊಂಡಳು. "ಮಕ್ಕಳು ಈಗ್ಲೂ ಮಿಸ್ ಎಲ್ಲಿ ಅಂತ ಕೇಳ್ತಾವೆ, ಏನ್ ಹೇಳೋದು," ಅಂತ ನಿಟ್ಟುಸಿರು ಬಿಟ್ಟಳು. ಹೊರಡುವಾಗ ಚಕ್ಕುಲಿಯ ಡಬ್ಬಿ ಕೊಟ್ಟಳು. ತೆಗೆದುಕೊಂಡೆ.

ಮನೆಯ ಬಾಗಿಲು ತೆಗೆದಾಗ ಹುಡುಗಿ ಮೆಟ್ಟಿಲ ಮೇಲೆ ಕೂತಿದ್ದಳು, ಕೈಯಲ್ಲಿ ಫೋನು ಹಿಡಿದುಕೊಂಡು. ತಟ್ಟನೆ ಎದ್ದು ನಿಂತಳು.

"ಹೇಳಿದ್ರೇನ್ರಿ?"

"ಹೇಳಿದೆ ಯವ್ವಾ. ಎಲ್ಲಾ ಹೇಳಿದೆ. ಅವರು ನಂಬಲಿಲ್ಲ."

ಅವಳು ನನ್ನನ್ನೇ ನೋಡಿದಳು. ಆಮೇಲೆ ನನ್ನ ಕೈಯಲ್ಲಿದ್ದ ಡಬ್ಬಿ ನೋಡಿದಳು. ತಗ್ಗಿದ ದನಿಯಲ್ಲಿ, ಎಂದಿನ ಮರ್ಯಾದೆಯಿಂದಲೇ ಕೇಳಿದಳು:

"ನಂಬೂಹಂಗ ಹೇಳಿದ್ರೇನ್ರಿ ಕಾಕು?"

ಒಂದೇ ಶಬ್ದದ ಉತ್ತರವಿತ್ತು. ಇಲ್ಲ ಅಂತ. ನಾನು ಅದನ್ನೂ ಹೇಳದೆ ಬಗ್ಗಿ ಬೂಟು ಬಿಚ್ಚತೊಡಗಿದೆ. ತಲೆ ಎತ್ತುವಷ್ಟರಲ್ಲಿ ಅವಳು ಕೆಳಗೆ ಹೋಗಿ ಬಾಗಿಲು ಹಾಕಿಕೊಂಡಿದ್ದಳು. ಒಳಗಿನಿಂದ ಅವಳು ಫೋನಿನಲ್ಲಿ ಪಿಕರಿಂಗಿನವರಿಗೆ ಇಂಗ್ಲಿಷಿನಲ್ಲಿ, ಬರುತ್ತೇನೆ ಅಂತ ಹೇಳುತ್ತಿರುವುದು ಕೇಳಿಸಿತು.